ಕಾಡಿನಲ್ಲಿ ಯಾರೂ ಇಲ್ಲವೆಂದು ಬರೆದ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ತೋಟಕ್ಕೆ ಮೊದಲ ಸಲದ ಮದ್ದು ಹೊಡೆದಾಯಿತು.

ನಿನ್ನ ಪತ್ರ ತಲುಪಿತು. ಆಷಾಢದಲ್ಲಿ ಗೆಳೆಯರೊಡನೆ ಘಟ್ಟದ ಮೇಲೆ ಟೆಂಟು ಹಾಕುವ ಯೋಚನೆಯನ್ನು ತಿಳಿಸಿ, ಯಾರೂ ಇಲ್ಲದ ಆ ಜಾಗದಲ್ಲಿ ಮಾತ್ರ ನೀನು ನಿಜವಾದ ನೀನಾಗುತ್ತೀಯೆಂದೂ, ಇದು ಬರಿಯ ಭ್ರಮೆಯೋ ಹೇಗೆಂದೂ ಕೇಳಿದ್ದೀಯೆ. ಪ್ರಶ್ನೆ ಒಳ್ಳೆಯದೇ. ಆದರೆ ನಿನ್ನ ನಿಜಸ್ವರೂಪದ ಮಾತಿಗೆ ಮೊದಲು, ಅಲ್ಲಿ ಯಾರೂ ಇಲ್ಲವೆಂದು ನೀನು ಧೈರ್ಯವಾಗಿ ಬರೆದದ್ದನ್ನು ಪರೀಕ್ಷಿಸಬೇಕು.

ನಮ್ಮ ಸಿದ್ದಾಪುರ ಸೀಮೆಯ ಕತ್ತಲೆಕಾನು ಎಂಬ ಕಾಡನ್ನೇ ನೋಡು. ಅಲ್ಲಿಯ ರಾಮಪತ್ರೆ ಜಡ್ಡಿಯ, ಅಂದರೆ ರಾಮಪತ್ರೆ ಮರಗಳು ಬೆಳೆದ ಜೌಗು ನೆಲದ, ನಡುವೆ ಹರಿಯುವ ಹಳ್ಳದಲ್ಲಿ ಕುಂಬಾರ ಕಪ್ಪೆಯೆಂಬುದೊಂದಿದೆ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ಗುರುತಿಸಿ ಹೆಸರಿಟ್ಟದ್ದು 2014ರಲ್ಲಿ. ಮಳೆಗಾಲದ ರಾತ್ರಿ ಹೆಣ್ಣು ನೀರಿನ ಮೇಲಕ್ಕೆ ಚಾಚಿದ ಕಡ್ಡಿಗೆ ಮೊಟ್ಟೆಗಳನ್ನು ಅಂಟಿಸಿ ಹೋದ ಮೇಲೆ, ಗಂಡು ಹಿಂಗಾಲುಗಳ ಮೇಲೆ ನಿಂತು, ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರನ್ನು ಬಾಚಿ ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ನಿನ್ನ ಗೆಳೆಯರ ಬಳಗ ಅದೇ ಹಳ್ಳದಲ್ಲಿ ಪಾತ್ರೆ ತೊಳೆದು, ಟಾರ್ಚು ಹಾಯಿಸಿ, ಕಾಲಾಡಿಸಿ ಎದ್ದು ಬಂದರೆ, ಇಂಥ ಕೆಲಸವೊಂದು ಅರ್ಧಕ್ಕೆ ನಿಂತುಹೋಯಿತೆಂಬುದು ನಿಮಗಾರಿಗೂ ಗೊತ್ತಾಗುವುದೇ ಇಲ್ಲ. ಘಟ್ಟದ ಜೀವಜಾತಿಗಳಲ್ಲಿ ಎಷ್ಟೋ ಸಂಸಾರ ಹೂಡುವುದು ನೀವು ರಜೆ ಹಾಕುವ ಆ ತಿಂಗಳುಗಳಲ್ಲಿಯೇ.

ಇದು ಹೊಸ ವಿಚಾರವಲ್ಲ. ಮಳೆಗಾಲದಲ್ಲಿಯೂ ಭಿಕ್ಷುಗಳು ಅಲೆಯುತ್ತ ಹಸಿರು ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಾರೆ, ಹಕ್ಕಿಗಳಾದರೂ ಗೂಡು ಸೇರುವ ಕಾಲದಲ್ಲಿ ಇವರಿಗೆ ನಿಲ್ಲಲು ಬಾರದೇ ಎಂದು ಜನ ಆಕ್ಷೇಪಿಸಿದ್ದರಿಂದ, ಬುದ್ಧ ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲುವ ವರ್ಷಾವಾಸದ ನಿಯಮ ಮಾಡಿದನೆಂದು ಬೌದ್ಧ ಪರಂಪರೆ ಹೇಳುತ್ತದೆ. ಜೈನ ಮುನಿಗಳು ಇಂದಿಗೂ ಮಳೆಗಾಲದ ಚಾತುರ್ಮಾಸದಲ್ಲಿ ಊರೂರು ಸಂಚರಿಸುವುದನ್ನು ನಿಲ್ಲಿಸುತ್ತಾರೆ. ಮನೆಮಠ ಬಿಟ್ಟು ಬಯಲನ್ನೇ ಬದುಕಾಗಿಸಿಕೊಂಡವರು, ಹೊರಗೆ ಹೋಗುವುದಕ್ಕಿರುವಷ್ಟೇ ಬೆಲೆ ಹೋಗದೆ ಇರುವುದಕ್ಕೂ ಇದೆಯೆಂದು ಕಂಡುಕೊಂಡದ್ದು ನನಗೆ ದೊಡ್ಡ ಮಾತೆನಿಸುತ್ತದೆ. 2024ರ ಜನವರಿ ಕೊನೆಯ ರಜೆಗಳಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನೀನೂ ನೋಡಿರಬೇಕು. ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಅಲ್ಲಿದ್ದವರಲ್ಲಿ ಬಹುಪಾಲು ಜನ ಏಕಾಂತ ಹುಡುಕಿಕೊಂಡೇ ಹೊರಟಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಮನುಷ್ಯರ ವಿಷಯವೂ ಇದೆ. ಬಿಳಿಗಿರಿರಂಗನ ಬೆಟ್ಟ ನಿನ್ನ ಕಣ್ಣಿಗೆ ನಿರ್ಜನ ಅರಣ್ಯ. ಅಲ್ಲಿಯ ಬುಡಕಟ್ಟಿನವರಾದ ಸೋಲಿಗರಿಗೆ ಅದು ಹಿರಿಯರ ಮನೆ. ಅಲ್ಲಿಯ ದೊಡ್ಡ ಸಂಪಿಗೆ ಮರ ಅವರಿಗೆ ದೇವರು. ಅಭಯಾರಣ್ಯವಾದ ಮೇಲೆ ಅವರನ್ನು ಒಳಗಿನ ನೆಲೆಗಳಿಂದ ಎಬ್ಬಿಸಲಾಯಿತು; ಅರಣ್ಯದ ಮೇಲಿನ ಸಮುದಾಯದ ಹಕ್ಕುಗಳಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಒಬ್ಬನ ಏಕಾಂತಕ್ಕಾಗಿ ಇನ್ನೊಬ್ಬನ ಮನೆ ಖಾಲಿಯಿರಬೇಕೆ ಎಂಬ ಪ್ರಶ್ನೆಯನ್ನು ನಿನ್ನ ಗೆಳೆಯರ ಮುಂದೆ ಇಟ್ಟು ನೋಡು.

ಇನ್ನು ನಿನ್ನ ಆ ನಿಜಸ್ವರೂಪ. ಫೋನಿಲ್ಲ, ಕಚೇರಿಯಿಲ್ಲ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂದಾಗ ಬರುವ ಹಗುರ ಸುಳ್ಳಲ್ಲ. ಆದರೆ ಹೊಣೆ ಇಳಿಸಿದವನಿಗೆ ಹಗುರವಾಗುವುದು ಸಹಜ, ಅದನ್ನೇ ಆತ್ಮದರ್ಶನವೆಂದು ತಿಳಿಯಬೇಡ. ನಿನ್ನ ಚೀಲದ ಅಕ್ಕಿಬೇಳೆ ಪೇಟೆಯಿಂದಲೇ ಬಂದದ್ದು, ನೀನು ಬಿಟ್ಟು ಬಂದ ಕೆಲಸವನ್ನು ನಿನ್ನ ಅಮ್ಮನೋ ಇನ್ನಾರೋ ಮಾಡುತ್ತಿರುತ್ತಾರೆ. ನಿನ್ನ ಗುಣ ತಿಳಿಯಬೇಕಾದರೆ ಬೆಂಕಿಪೊಟ್ಟಣ ಒದ್ದೆಯಾದ ಸಂಜೆ ನೀನು ಜೊತೆಯವನ ಮೇಲೆ ಹೇಗೆ ಹರಿಹಾಯುತ್ತೀಯೆಂದು ಗಮನಿಸು.

ಆದರೂ ಒಂದು ಲಾಭವನ್ನು ನಾನು ಅಲ್ಲಗಳೆಯಲಾರೆ. ಕಾಡಂಚಿನಲ್ಲಿ ಮಲಗಿದ ರಾತ್ರಿ ಕಡವೆಯೊಂದು ಒಮ್ಮೆಲೇ ಕೂಗಿದಾಗ, ನಾನು ಯಾರೆಂಬ ಪ್ರಶ್ನೆ ಏಳುವುದಿಲ್ಲ, ಮೈಯೆಲ್ಲ ಕಿವಿಯಾಗುತ್ತದೆ. ಆ ಕೂಗು ಹುಲಿಯನ್ನು ಕಂಡು ಬಂದದ್ದಿರಬಹುದು, ನಿನ್ನನ್ನು ಕಂಡೂ ಬಂದದ್ದಿರಬಹುದು. ಇಷ್ಟು ದಿನ ನೋಡುವವನು ತಾನೊಬ್ಬನೇ ಎಂದುಕೊಂಡಿದ್ದವನಿಗೆ, ತನ್ನನ್ನೂ ಯಾರೋ ನೋಡಿ, ಅಳೆದು, ಅಪಾಯವೆಂದು ತೀರ್ಮಾನಿಸಿದ್ದಾರೆಂಬ ಅರಿವು ಅಲ್ಲಿ ಸಿಗುತ್ತದೆ. ಇದಕ್ಕಾಗಿ ಹೊರಗೆ ಹೋಗುವುದು ತಕ್ಕದ್ದೆಂದೇ ನನ್ನ ಅಭಿಪ್ರಾಯ.

ಆದುದರಿಂದ ಹೋಗಬೇಡವೆಂದು ನಾನು ಹೇಳುತ್ತಿಲ್ಲ. ಆಷಾಢ ಬಿಟ್ಟು ಮಳೆ ಹಿಂದೆಗೆದ ಮೇಲೆ, ಇಬ್ಬರೋ ಮೂವರೋ ಹೋಗಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗಲು ಅವಕಾಶವಿಲ್ಲ, ಹಗಲಲ್ಲೇ ಹತ್ತಿ ಇಳಿಯಬೇಕು. ಗಾರ್ಡಿನ ಕಣ್ಣು ತಪ್ಪಿಸುವ ಜಾಣತನವನ್ನು ಯಾರಾದರೂ ಸೂಚಿಸಿದರೆ ಅಂಥವರ ಜೊತೆ ಬಿಡು. ಹಳ್ಳದಿಂದ ದೂರವಿರಿ, ಒಲೆಯ ಬೆಂಕಿಗೆ ನೀರು ಸುರಿದು ಬೂದಿಯನ್ನು ಕೈಯಿಂದ ಮುಟ್ಟಿ ನೋಡದೆ ಹೊರಡಬೇಡಿ. ಈ ಮಳೆಗಾಲವನ್ನೇ ನೋಡಬೇಕೆಂಬ ಹಟವಿದ್ದರೆ ಎಲ್ಲರೂ ನಮ್ಮಲ್ಲಿಗೆ ಬನ್ನಿ. ಜಗುಲಿಯಲ್ಲಿ ಜಾಗವಿದೆ, ನಿನ್ನ ಅತ್ತೆ ಕಂಬಳಿಗಳನ್ನು ಆಗಲೇ ತೆಗೆದಿಟ್ಟಿದ್ದಾಳೆ. ತೋಟಕ್ಕಿಳಿದರೆ ರಕ್ತ ಹೀರುವ ಇಂಬಳ ಕಾಲಿಗೆ ಹತ್ತುತ್ತದೆ, ಉದ್ದ ಕಾಲುಚೀಲ ತರಲು ಮರೆಯಬೇಡಿ. ಯಾವ ಬಸ್ಸಿಗೆಂದು ಮೊದಲೇ ತಿಳಿಸಿದರೆ ನಿಲ್ದಾಣಕ್ಕೆ ಬರುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ಸೋದರಮಾವ