ಇದನ್ನು ಯಾರಿಗೆ ಕೊಡೋಣ? ಗೆಳೆಯನಿಗೊಂದು ಪತ್ರ

ಬೆಂಗಳೂರು

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ದಾವಣಗೆರೆ ಮನೆಗೆ ಹೋಗಿ, ತೀರಿಹೋದ ಅಪ್ಪನ ರೂಮಿನ ಬಾಗಿಲು ತೆಗೆದು, ಹತ್ತು ನಿಮಿಷ ಸುಮ್ನೆ ನಿಂತು, ಮತ್ತೆ ಚಿಲಕ ಹಾಕಿಕೊಂಡು ಬಂದೆ ಅಂದೆಯಲ್ಲ. "ಎಲ್ಲಿಂದ ಕೈ ಹಚ್ಚಬೇಕೋ ತಿಳಿಯಲಿಲ್ಲ ಕಣೋ" ಅಂದೆ. ಆಗ ನನಗೂ ಸರಿಯಾಗಿ ಏನೂ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹಿರಿಯರ ಮನೆಯಲ್ಲಿ ತುಂಬಿರುವ ಸಾಮಾನು ಖಾಲಿ ಮಾಡುವ ಇದೇ ಕೆಲಸ ಎದುರಿಗಿಟ್ಟುಕೊಂಡು ಕೂತವರು ಇನ್ನೂ ಎಷ್ಟೋ ಜನ ಇರುತ್ತಾರೆ. ಅವರಿಗೂ ಆಗಲಿ ಅಂತ, ನೀನು ಹೂಂ ಅಂದ ಮೇಲೆ, ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಒಂದು ಮಾತು. ಅಪ್ಪನ ರೂಮಿನಿಂದ ಶುರು ಮಾಡಬೇಡ. ಅದು ಎಲ್ಲಕ್ಕಿಂತ ಕೊನೆಗೆ. ಅಡುಗೆಮನೆಯ ಸಿಂಕಿನ ಕೆಳಗಿನ ಜಾಗ ಇದೆಯಲ್ಲ, ಅಲ್ಲಿಂದ ಶುರು ಮಾಡು. ಅಲ್ಲಿ ಏನಿರುತ್ತದೆ ಹೇಳು? ತಳದಲ್ಲಿ ಎರಡು ಹನಿ ಉಳಿದ ಫಿನಾಯಿಲ್ ಬಾಟಲಿ, ಸವೆದ ಕಸಬರಿಗೆ, ಮುಚ್ಚಳ ಕಳೆದುಹೋದ ಡಬ್ಬಿಗಳು, ಒಂದು ಕವರಿನೊಳಗೆ ತುರುಕಿಟ್ಟ ಐವತ್ತು ಕವರು. ಇವುಗಳಲ್ಲಿ ಯಾವುದನ್ನು ನೋಡಿದರೂ ಯಾರಿಗೂ ಕಣ್ಣು ತುಂಬುವುದಿಲ್ಲ. ಒಂದು ತಾಸಿನ ಕೆಲಸ. ತೆಗೆದದ್ದನ್ನು ಅವತ್ತೇ ಮನೆಯಿಂದ ಆಚೆ ಕಳಿಸು. ನಾಳೆ ಕಳಿಸೋಣ ಅಂತ ಹಿತ್ತಲ ಬಾಗಿಲ ಹತ್ತಿರ ಇಟ್ಟೆಯೋ, ಒಂದು ತಿಂಗಳಾದರೂ ಅಲ್ಲೇ ಇರುತ್ತದೆ. ನಮ್ಮ ಮನೆಯಲ್ಲಿ ಆ ಒಂದು ಜಾಗ ಖಾಲಿಯಾದ ಸಂಜೆ ನನ್ನ ಕೈಗೆ ಎಂಥದೋ ಧೈರ್ಯ ಬಂತು. ಮಾರನೇ ದಿನ ಔಷಧಿ ಡಬ್ಬಿ, ಅದರ ಮಾರನೇ ದಿನ ಚಪ್ಪಲಿ ಸ್ಟ್ಯಾಂಡು.

"ಬಿಸಾಕೋಕೆ ಮನಸ್ಸು ಬರಲ್ಲ" ಅಂತ ನಾವೆಲ್ಲ ಹೇಳುತ್ತೇವೆ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಂದೊಂದೇ ಸಾಮಾನು ಕೈಗೆ ತಗೊಂಡು ನೋಡಿದಾಗ ಬೇರೆ ಏನೋ ಗೊತ್ತಾಯಿತು. ಬಹಳಷ್ಟು ಸಲ ಮನಸ್ಸು ಹಿಡಿದುಕೊಂಡಿರುವುದು, ಇದು ಎಲ್ಲಿಗೆ ಹೋಗಬೇಕು ಅನ್ನುವುದು ತಿಳಿಯದೆ. ನಾವು ಚಿಕ್ಕವರಿದ್ದಾಗ ಪ್ರತಿಯೊಂದಕ್ಕೂ ಒಂದು ದಾರಿ ಇತ್ತು. ಅವ್ವನ ಸೀರೆ ಹಳೆಯದಾದರೆ ಕೌದಿಗೆ ಹೋಗುತ್ತಿತ್ತು. ಕೌದಿ ಸವೆದರೆ ಕೂಸಿಗೆ ಹಾಸಲು. ಆಮೇಲೆ ಮಸಿಬಟ್ಟೆ. ಕೊನೆಗೆ ನೆಲ ಒರೆಸುವ ಬಟ್ಟೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಓಣಿಗೇ ಬರುತ್ತಿದ್ದರು. ಓದಿದ ಪೇಪರು ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಆಗುತ್ತಿತ್ತು. ಈಗ ಮನೆಗೆ ಬರುವ ಸಾಮಾನಿಗೆ ಅಂಥ ದಾರಿ ಎಲ್ಲಿದೆ? ಮದುವೆಗಳಿಂದ ಬಂದ ತಾಂಬೂಲದ ಚೀಲಗಳು, ಮೊಬೈಲ್ ಬಂದ ರಟ್ಟಿನ ಡಬ್ಬಿ, ಯಾವ ಫೋನಿಗೂ ಹೊಂದದ ಚಾರ್ಜರು, ಯಾರ ಅಳತೆಗೂ ಸಾಲದ ಬ್ಲೌಸ್ ಪೀಸು. ಬರುವುದು ಜಾಸ್ತಿಯಾಯಿತು, ಹೋಗುವ ದಾರಿಗಳು ಮುಚ್ಚಿದವು. ಅಟ್ಟ ತುಂಬಿದ್ದು ಹಾಗೆ. ನಿಮ್ಮ ಅಪ್ಪ ಅಮ್ಮನ ಸೋಮಾರಿತನದಿಂದ ಅಲ್ಲ.

ಹಾಗಾಗಿ ಬೀರು ತೆಗೆಯುವ ಮೊದಲು ದಾರಿಗಳನ್ನು ಹುಡುಕು. ಅರ್ಧ ದಿನ ಅದಕ್ಕೇ ಇಟ್ಟುಕೋ. ಗುಜರಿ ಅಂಗಡಿಗೆ ನೀನೇ ಹೋಗಿ, ಏನೇನು ತಗೊಳ್ಳುತ್ತಾರೆ, ಏನನ್ನು ತಗೊಳ್ಳುವುದಿಲ್ಲ ಕೇಳು. ಪೇಪರು, ಕಬ್ಬಿಣ, ರಟ್ಟು, ಗಟ್ಟಿ ಪ್ಲಾಸ್ಟಿಕ್ಕು ಅಲ್ಲಿಗೆ. ಆದರೆ ಕೆಟ್ಟ ಮಿಕ್ಸಿ, ವೈರು, ಹಳೆ ಮೊಬೈಲು ಅಲ್ಲಿಗೆ ಬೇಡ. ತಾಮ್ರಕ್ಕೋಸ್ಕರ ವೈರನ್ನು ಬಯಲಲ್ಲಿ ಸುಡುವವರಿದ್ದಾರೆ, ಆ ಹೊಗೆ ಕುಡಿಯುವವರು ಅಲ್ಲೇ ಕೆಲಸ ಮಾಡುವ ಬಡವರು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪ್ರಕಾರ ಇಂಥವುಗಳ ಮರುಬಳಕೆಯ ಹೊಣೆ ತಯಾರಿಸಿದ ಕಂಪನಿಗಳದ್ದೇ. ವಾಪಸ್ ತಗೊಳ್ಳುವ ಜಾಗ ಎಲ್ಲಿದೆ ಅಂತ ಅವರ ಸಹಾಯವಾಣಿಯಲ್ಲಿ ಕೇಳಬಹುದು. ಫೋನ್ ಕೊಡುವ ಮೊದಲು ಫೋಟೋಗಳನ್ನು ಇಳಿಸಿಕೊಂಡು, ಒಳಗಿರುವುದನ್ನೆಲ್ಲ ಅಳಿಸು. ಯುಪಿಎಸ್ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ನಮಗೆ ಈ ವಿಂಗಡಣೆ ಅಭ್ಯಾಸ ಆದದ್ದು ಹೈಕೋರ್ಟ್ ಆದೇಶದಿಂದ. 2015ರ ಡಿಸೆಂಬರ್‌ನಲ್ಲಿ ಎರಡು ಬುಟ್ಟಿ, ಒಂದು ಚೀಲ ಅನ್ನುವ ಪದ್ಧತಿ ಬಂತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರು ಪ್ಯಾಡು ಮುಂತಾದ್ದು, ಚೀಲಕ್ಕೆ ಒಣಕಸ. ಮೊದಲು ಕಿರಿಕಿರಿ ಅನ್ನಿಸಿತ್ತು. ಈಗ ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತದೆ ಹಾಕಲು ಕೈಯೇ ಬರುವುದಿಲ್ಲ. ಆ ಚೀಲಕ್ಕೆ ಕೈ ಹಾಕುವವರೂ ಮನುಷ್ಯರೇ. ದೇವರ ಹಳೆ ಫೋಟೋಗಳನ್ನು ಅರಳಿಕಟ್ಟೆಯಲ್ಲಿ ಇಟ್ಟು ಬರುವುದೂ ನನಗೆ ಸರಿ ಕಾಣುವುದಿಲ್ಲ. ಗಾಜು ಒಡೆದು ಚುಚ್ಚುವುದು ಅಲ್ಲಿ ಆಡುವ ಮಕ್ಕಳ ಕಾಲಿಗೆ. ಕೈ ಮುಗಿದು, ಚೌಕಟ್ಟು ಬೇರೆ, ಗಾಜು ಬೇರೆ ಮಾಡಿ ಕಳಿಸು. ಚಿತ್ರವನ್ನು ಬೇಕಾದರೆ ಪುಸ್ತಕದಲ್ಲಿಟ್ಟುಕೋ.

ಈಗ ಒಂದು ತಪ್ಪಿನ ಕತೆ ಹೇಳುತ್ತೇನೆ. ನೀನು ಅದನ್ನು ಮಾಡಬಾರದು ಅಂತಲೇ ಈ ಪತ್ರ.

ನಾಲ್ಕು ವರ್ಷದ ಹಿಂದೆ ಅವ್ವ ಅಕ್ಕನ ಮನೆಗೆ ಹೋಗಿದ್ದಳು. ಬರುವಷ್ಟರಲ್ಲಿ ಅಟ್ಟ ಖಾಲಿ ಮಾಡಿ ಆಕೆಗೆ ಖುಷಿ ಕೊಡೋಣ ಅಂತ ಏಣಿ ಹಾಕಿದೆ. ಮೂಲೆಯಲ್ಲಿ ಒಂದು ಸಿಮೆಂಟ್ ಚೀಲ, ಬಾಯಿಗೆ ಸುತಳಿ ಕಟ್ಟಿತ್ತು. ಬಿಚ್ಚಿದರೆ ಬರೀ ಬಟ್ಟೆ ತುಂಡು. ಕೆಂಪು ತುಂಡುಗಳದ್ದೊಂದು ಗಂಟು, ಹಸಿರಿನದೊಂದು, ಹೂವಿನ ಚೀಟಿಬಟ್ಟೆಯದೊಂದು. ಪ್ರತಿ ಗಂಟಿಗೂ ಅದೇ ಬಣ್ಣದ ಅಂಚು ಸುತ್ತಿ ಕಟ್ಟಿದ್ದಳು. ನಾನು ನೋಡಿದೆ, ಕಣೋ. ಬೇಡದ ಬಟ್ಟೆಯನ್ನು ಯಾರಾದರೂ ಬಣ್ಣ ನೋಡಿ ಗಂಟು ಕಟ್ಟಿ ಇಡುತ್ತಾರಾ? ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಉಳಿದದ್ದರ ಜೊತೆ ಅದನ್ನೂ ಆಟೋಗೆ ಹಾಕಿ ಕಳಿಸಿದೆ. ಅವ್ವ ಬಂದಳು, ಅಟ್ಟ ನೋಡಿದಳು, "ಚಲೋ ಆತು" ಅಂದಳು. ಮೂರನೇ ದಿನ ಬೆಳಿಗ್ಗೆ ಏಣಿಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಏನು ಅಂತ ಕೇಳಿದರೆ, ಮೊಮ್ಮಗಳಿಗೆ ಕೌದಿ ಹೊಲಿಯಲು ಹನ್ನೆರಡು ವರ್ಷದಿಂದ ಕೂಡಿಟ್ಟಿದ್ದೆ ಅಂದಳು. ಬೈಯಲಿಲ್ಲ. ನಾನು ಆ ಕೂಡಲೇ ಹೋದೆ. ಚೀಲ ಆಗಲೇ ಬೇರೆ ಕಡೆ ಹೋಗಿತ್ತು.

ಅದಾದ ಮೇಲೆ ಆಕೆ ಇಲ್ಲದಾಗ ಆಕೆಯ ಒಂದು ಚಮಚವನ್ನೂ ನಾನು ಮುಟ್ಟಿಲ್ಲ. ನೀನೂ ಅಮ್ಮನನ್ನು ಬಿಟ್ಟು ಏನೂ ಮಾಡಬೇಡ. ಅವರಿಗೆ ಏಣಿ, ಧೂಳು ಎರಡೂ ಬೇಡ. ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸು, ಸಾಮಾನನ್ನು ಅವರ ಹತ್ತಿರಕ್ಕೆ ತಂದು ತೋರಿಸು. ದಿನಕ್ಕೆ ಒಂದು ಗಂಟೆ ಸಾಕು. ಇನ್ನೊಂದು ವಿಷಯ. "ಇದು ಬೇಕಾ?" ಅಂತ ಕೇಳಬೇಡ. ಹಾಗೆ ಕೇಳಿದರೆ "ಇರಲಿ ಬಿಡು" ಅನ್ನುತ್ತಾರೆ. ನಮ್ಮ ತಾಯಂದಿರ ಬಾಯಲ್ಲಿ ಬೇರೆ ಉತ್ತರ ನಾನು ಕೇಳಿಲ್ಲ. "ಇದನ್ನು ಯಾರಿಗೆ ಕೊಡೋಣ?" ಅಂತ ಕೇಳು. ನಾನು ಹಾಗೆ ಕೇಳಲು ಶುರು ಮಾಡಿದ ದಿನ ಅವ್ವ ಒಂದು ಕ್ಷಣ ಯೋಚನೆ ಮಾಡಿ, ದೊಡ್ಡ ಕೊಳದಪ್ಪಲೆಯನ್ನು ತಂಗಿಯ ಮಗಳಿಗೆ ಅಂದಳು. ಅವರ ಮನೆಯಲ್ಲಿ ವರ್ಷಕ್ಕೆ ಎರಡು ಸಲ ನೂರು ಜನಕ್ಕೆ ಅಡುಗೆ ಆಗುತ್ತದೆ. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಜ್ಜಿಯ ಹೆಸರು ಸವರಿ, ಹುಣಸೆಹಣ್ಣು ಹಚ್ಚಿ ತಾನೇ ತಿಕ್ಕಿ ಕಳಿಸಿದಳು. ಅವತ್ತು ಒಂದೇ ದಿನ ಹದಿನಾಲ್ಕು ಪಾತ್ರೆಗೆ ಮನೆ ಸಿಕ್ಕಿತು.

ರೇಷ್ಮೆ ಸೀರೆ ವಿಷಯದಲ್ಲಿ ಅವಸರ ಬೇಡ. "ಹಳೇ ರೇಷ್ಮೆ ಸೀರೆಗೆ ದುಡ್ಡು" ಅಂತ ಬಾಗಿಲಿಗೆ ಬರುವವರಿಗೆ ಬೇಕಾಗಿರುವುದು ಜರಿಯಲ್ಲಿರುವ ಬೆಳ್ಳಿ. ಬಾಗಿಲಲ್ಲಿ ನಿಂತು ಅವರು ಹೇಳುವ ಬೆಲೆಗೆ ಕೊಡಬೇಡಿ. ಇಟ್ಟುಕೊಳ್ಳುವುದನ್ನು ಹಳೆ ಬಿಳಿ ಪಂಚೆಯಲ್ಲಿ ಸುತ್ತಿ, ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿದರೆ ಜರಿ ಗೆರೆಯಲ್ಲಿ ಹರಿಯುವುದಿಲ್ಲ. ನಿನ್ನ ಪುಟ್ಟ ಮಗನ ಬಟ್ಟೆ ಇರುವ ಕಡೆ ನುಸಿಗುಳಿಗೆ ಹಾಕಬೇಡಿ. ಕೆಲವು ಕೂಸುಗಳಿಗೆ ಅದರಿಂದ ರಕ್ತದ ಕೆಂಪುಕಣ ಒಡೆಯುವ ತೊಂದರೆ ಆಗುತ್ತದೆ.

ತಾರಸಿಯನ್ನು ಮಾತ್ರ ಮುಂದೂಡಬೇಡ. ಮಳೆ ಶುರುವಾಗುವ ಮೊದಲು ಹತ್ತಿ ನೋಡು. ಒಡೆದ ಬಕೆಟ್ಟು, ಹಳೆ ಟೈರು, ಗಿಡ ಸತ್ತ ಕುಂಡ, ಇವುಗಳಲ್ಲಿ ನೀರು ನಿಂತರೆ ಒಂದೂವರೆ ವಾರದೊಳಗೆ ಡೆಂಗಿ ಸೊಳ್ಳೆ ಹಾರುತ್ತದೆ. ನೀರು ಚೆಲ್ಲಿದರೂ ಅದರ ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತದೆ. ಹಾಗಾಗಿ ಪಾತ್ರೆಯನ್ನು ತಿಕ್ಕಬೇಕು, ಬೇಡದ್ದನ್ನು ಕಳಿಸಿಬಿಡಬೇಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡದ ನಿಯಮವನ್ನೂ ತಂದಿತು. ದಂಡದ ಮಾತು ಬಿಡು. ಕೆಳಗೆ ಅಮ್ಮ ಒಬ್ಬರೇ ಮಲಗಿರುತ್ತಾರೆ.

ಜೋಡಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ಪ್ಲಾಸ್ಟಿಕ್ ಡಬ್ಬಗಳನ್ನು ಮೊದಲೇ ಕೊಳ್ಳಬೇಡ, ಅರ್ಧ ಮನೆ ಖಾಲಿಯಾದ ಮೇಲೆ ಮನೆಯಲ್ಲೇ ಬೇಕಾದಷ್ಟು ಡಬ್ಬ ಸಿಗುತ್ತವೆ. ಅಮ್ಮ ದಿನಾ ಮುಟ್ಟುವ ಸಾಮಾನು ಸೊಂಟದಿಂದ ಕಣ್ಣಿನ ಎತ್ತರದೊಳಗೆ ಇರಲಿ. ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ ನೆಲದ ಮೇಲೆ ಇಡಬೇಡ, ಗೆದ್ದಲು ಹಿಡಿಯುತ್ತದೆ.

ಇನ್ನು ಅಪ್ಪನ ರೂಮು. ಅಲ್ಲಿ ಕಾಗದವೇ ಜಾಸ್ತಿ ಅಂದೆ. ಅವರು ಕಿಟಕಿಯ ಮೊಳೆಗೆ ನೇತುಹಾಕಿದ್ದ ಬಾಗಿದ ತಂತಿ ನನಗೆ ನೆನಪಿದೆ. ಕರೆಂಟ್ ಬಿಲ್ಲು, ಕಂದಾಯದ ರಸೀದಿ, ಕಿರಾಣಿ ಚೀಟಿ ಎಲ್ಲ ಒಂದರ ಮೇಲೊಂದು ಚುಚ್ಚಿಕೊಂಡು ಇರುತ್ತಿತ್ತು. ನಾವು ಎಸ್ಸೆಸ್ಸೆಲ್ಸಿಗೆ ಓದಲು ನಿಮ್ಮ ಮನೆಗೆ ಬರುತ್ತಿದ್ದಾಗ ಫ್ಯಾನ್ ಗಾಳಿಗೆ ಅದು ಪಟಪಟ ಅನ್ನುತ್ತಿತ್ತು. ಅದರಲ್ಲಿ ಹಳೆ ಕರೆಂಟ್ ಬಿಲ್ಲು, ಕಿರಾಣಿ ಚೀಟಿ ಹೋಗಲಿ. ಕಂದಾಯದ ಒಂದು ರಸೀದಿಯನ್ನೂ ಬಿಡಬೇಡ. ಕ್ರಯಪತ್ರ, ಖಾತೆ, ಪಹಣಿ, ಪಿಂಚಣಿ ಆದೇಶ, ಮರಣ ಪ್ರಮಾಣಪತ್ರ, ಪಾಸ್‌ಬುಕ್ಕು, ವಿಮೆ ಪಾಲಿಸಿ, ಇವೆಲ್ಲ ಒಂದೇ ಪೆಟ್ಟಿಗೆಗೆ. ಮನೆ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡ, ಹಳೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಎಲ್ಲದರ ಫೋಟೋ ತೆಗೆದು ಇನ್ನೊಂದು ಕಡೆಯೂ ಇಡು.

ಹಳೆ ಪಾಸ್‌ಬುಕ್ಕು ಸಿಕ್ಕರೆ, ಖಾತೆ ಸತ್ತುಹೋಗಿರುತ್ತದೆ ಅಂತ ಬಿಡಬೇಡ. 10 ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆದರೆ ಹಕ್ಕು ಹೋಗುವುದಿಲ್ಲ. ವಾರಸುದಾರರು ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಹೆಸರು ಹಾಕಿ ಹುಡುಕಲು 2023ರಲ್ಲಿ ರಿಸರ್ವ್ ಬ್ಯಾಂಕ್ ಉದ್ಗಮ್ ಅನ್ನುವ ಪೋರ್ಟಲ್ ತೆರೆದಿದೆ. ಅಪ್ಪನ ಹೆಸರನ್ನು ಅಲ್ಲಿ ಒಮ್ಮೆ ಹಾಕಿ ನೋಡು. ಪುಸ್ತಕಗಳನ್ನು ಲೈಬ್ರರಿಗೆ ಕೊಡುವ ಮೊದಲು ಒಂದೊಂದರ ಹಾಳೆಯನ್ನೂ ತಿರುಗಿಸು. ಅವರು ಚೀಟಿ ಇಡುವ ಅಭ್ಯಾಸದವರು.

ಬರುವ ಶನಿವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ. ಆ ತಂತಿಯನ್ನು ಮಾತ್ರ ಮುಟ್ಟಬೇಡ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಚೀಟಿ ಬಿಡಿಸೋಣ. ಅಷ್ಟರಲ್ಲಿ ಸಿಂಕಿನ ಕೆಳಗಿನದು ಮುಗಿಸಿರು.

ನಿನ್ನ ಗೆಳೆಯ