ಎಲ್ಲಿದ್ದೀ ಅಂತ ಕೇಳುವ ಫೋನು

ಸಂಡೂರು
ಭಾನುವಾರ

ಅವ್ವಾ,

ಮೊನ್ನೆ ಮಂಗಳವಾರ ನಾನು ಫೋನ್ ಮಾಡಿದಾಗ "ಹಾಂ ಅಪ್ಪಾ, ಹೇಳು" ಅಂದೆ. ಹಿಂದೆ ಗಾಳಿಯ ಸದ್ದು. ಆಮೇಲೆ ಒಂದು ಲಾರಿಯ ಹಾರ್ನ್. ಹಾರ್ನ್ ಎಷ್ಟು ದೂರದ್ದು ಅಂತ ನನಗೆ ಗೊತ್ತಾಗುತ್ತದೆ, ಅದನ್ನು ಒತ್ತಿಕೊಂಡೇ ವಯಸ್ಸು ಕಳೆದವನು. ಅದು ನಿನ್ನ ಪಕ್ಕದಲ್ಲೇ ಇತ್ತು. ಗಾಡಿ ಮೇಲಿದ್ದೀಯಾ ಅಂದರೆ, "ಹೆಲ್ಮೆಟ್ಟಿನಲ್ಲಿ ಬ್ಲೂಟೂತ್ ಇದೆ ಅಪ್ಪಾ, ಎರಡೂ ಕೈ ಹ್ಯಾಂಡಲ್ ಮೇಲೇ ಇವೆ, ಏನೂ ಆಗಲ್ಲ" ಅಂದೆ. ನಾನು ಸುಮ್ನೆ ಇಟ್ಟುಬಿಟ್ಟೆ. ಫೋನಲ್ಲಿ ಬೈದರೆ ಅದನ್ನೂ ಗಾಡಿ ಮೇಲೇ ಕೇಳಿಸಿಕೊಳ್ಳುತ್ತೀ. ಅದಕ್ಕೇ ಈ ಪತ್ರ.

ಎರಡೂ ಕೈ ಅಂದೆಯಲ್ಲ, ಅದರ ಬಗ್ಗೆ ಒಂದು ಮಾತು ಹೇಳಬೇಕು. ಇದನ್ನು ನಿಮ್ಮವ್ವನಿಗೂ ಪೂರ್ತಿ ಹೇಳಿಲ್ಲ.

2008ರ ಸುಮಾರು. ಇಲ್ಲಿ ಅದಿರಿನ ಕಾಲ. ನೀನು ಚಿಕ್ಕವಳು, ನಾನು ಮನೆಗೆ ಬಂದರೆ ತಲೆಯಿಂದ ಕಾಲಿನವರೆಗೆ ಕೆಂಪಾಗಿರುತ್ತಿದ್ದೆ, ನೀನು ಹತ್ತಿರ ಬರುತ್ತಿರಲಿಲ್ಲ. ಇಲ್ಲಿ ಲೋಡ್ ಮಾಡಿಕೊಂಡು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದೆವು. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು. ಫೋನ್ ಇಲ್ಲದ ಕಾಲದಲ್ಲಿ ಲಾರಿ ಹೊರಟಿತು ಅಂದರೆ ವಾಪಸ್ ಬರುವ ತನಕ ಓನರ್ ದೇವರಿಗೆ ಕೈ ಮುಗಿದುಕೊಂಡು ಕೂರಬೇಕಿತ್ತು. ಫೋನ್ ಬಂದ ಮೇಲೆ ಗಂಟೆಗೊಂದು ಸಲ "ಎಲ್ಲಿದ್ದೀ?" ಎತ್ತದಿದ್ದರೆ "ಮಲಗಿದ್ಯಾ?"

ಅವತ್ತು ಕೊಪ್ಪಳ ದಾಟಿ ಬನ್ನಿಕೊಪ್ಪದ ಹತ್ತಿರ ಇದ್ದೆ. ಓನರ್ ಫೋನ್. ಕ್ಲೀನರ್ ಹುಡುಗ ಫೋನನ್ನು ನನ್ನ ಕಿವಿಗೆ ಹಿಡಿದಿದ್ದ. ನನ್ನ ಎರಡೂ ಕೈ ಸ್ಟೇರಿಂಗ್ ಮೇಲೇ ಇದ್ದವು. ಕಣ್ಣು ರಸ್ತೆ ಮೇಲೇ ಇತ್ತು. ಓನರ್ ಹಿಂದಿನ ಟ್ರಿಪ್ಪಿನ ಡೀಸೆಲ್ ಲೆಕ್ಕ ಕೇಳುತ್ತಿದ್ದ. ಎಲ್ಲಿ ಎಷ್ಟು ಹಾಕಿಸಿದೆ, ಚೀಟಿ ಯಾವುದು ಅಂತ ತಲೆಯಲ್ಲಿ ಕೂಡಿಸುತ್ತಾ ಇದ್ದೆ. "ಅಣ್ಣಾ, ಟ್ರ್ಯಾಕ್ಟರ್!" ಅಂತ ಹುಡುಗ ಚೀರಿದ. ಎದುರಿಗೇ ಹೊಟ್ಟು ತುಂಬಿದ ಟ್ರಾಲಿ ನಿಂತಿತ್ತು. ಹಗಲು ಹೊತ್ತು, ನೇರ ರಸ್ತೆ. ನಾನು ಅದನ್ನೇ ನೋಡುತ್ತಿದ್ದೆ, ಆದರೆ ಕಂಡಿರಲಿಲ್ಲ. ಬಲಕ್ಕೆ ಎಳೆದೆ. ಎದುರಿಂದ ಯಾವುದೂ ಬರಲಿಲ್ಲ, ಅಷ್ಟೇ. ಟ್ರಾಲಿಯ ನೆರಳಲ್ಲಿ ಇಬ್ಬರು ಹೆಣ್ಣುಮಕ್ಕಳು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಮುಂದೆ ಹೋಗಿ ಲಾರಿ ನಿಲ್ಲಿಸಿದೆ. ಬೀಡಿ ಹಚ್ಚೋಣ ಅಂದರೆ ಕಡ್ಡಿ ಗೀರಲು ಆಗಲಿಲ್ಲ. ಫೋನ್ ಇನ್ನೂ ಹುಡುಗನ ಕೈಯಲ್ಲೇ "ಹಲೋ, ಹಲೋ" ಅನ್ನುತ್ತಿತ್ತು.

ಇದು ನನ್ನೊಬ್ಬನ ದಡ್ಡತನ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಈ ವಾರ ನಿನ್ನ ತಮ್ಮ ನೆಟ್‌ನಲ್ಲಿ ಹುಡುಕಿ ಓದಿ ಹೇಳಿದ. ಕೆನಡಾದ ಟೊರೊಂಟೊದಲ್ಲಿ ಅಪಘಾತ ಮಾಡಿಕೊಂಡ 699 ಡ್ರೈವರ್‌ಗಳ ಫೋನ್ ಬಿಲ್ ತೆಗೆದು ನೋಡಿದ್ದರಂತೆ, 1997ರಲ್ಲಿ ಅದು ಅಚ್ಚಾಗಿದೆ. ಫೋನಲ್ಲಿ ಮಾತಾಡುವಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದ ಫೋನ್ ಇದ್ದವರಿಗೂ ಏನೂ ಲಾಭ ಆಗಿರಲಿಲ್ಲ. ಕೈಯದ್ದಲ್ಲ ಅವ್ವಾ, ತಲೆಯದ್ದು ತೊಂದರೆ. ಅದು ಲೆಕ್ಕಕ್ಕೆ ಹೋಯಿತು ಅಂದರೆ ಕಣ್ಣು ಬರೀ ಕಿಟಕಿ.

ನಿನ್ನ ರಸ್ತೆಗಳು ನನಗೆ ಗೊತ್ತಿವೆ. ಸಿಂಧನೂರಿನಿಂದ ಕಾರಟಗಿ, ಮಸ್ಕಿ, ಮಾನ್ವಿ. ಈಗ ಕೊಯ್ಲಿನ ಕಾಲ. ಅರ್ಧ ರಸ್ತೆಗೆ ಭತ್ತ ಒಣ ಹಾಕಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಭತ್ತ ಕೊಯ್ಯುವ ಮಷೀನ್ ಬಂತೆಂದರೆ ಇಡೀ ರಸ್ತೆ ಅದರದ್ದೇ. ಸಂಜೆ ಕುರಿ ಹಿಂಡು. ಹಿಂದೆ ಲೈಟೇ ಇಲ್ಲದ ಟ್ರಾಲಿ. ಐವತ್ತರ ಸ್ಪೀಡಿನಲ್ಲಿ ಸ್ಕೂಟಿ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಯಾರ ಮೆಸೇಜ್ ಅಂತ ಮೂರು ಸೆಕೆಂಡ್ ಕೆಳಗೆ ನೋಡಿದರೆ, ನಾಲ್ಕು ದೊಡ್ಡ ಲಾರಿ ಸಾಲಾಗಿ ನಿಲ್ಲಿಸಿದಷ್ಟು ದೂರ ಕಣ್ಣು ಮುಚ್ಚಿಕೊಂಡು ಹೋದ ಹಾಗೆ.

ನೀನು ಬೇಕಂತ ಮಾತಾಡುವುದಿಲ್ಲ, ಅದೂ ಗೊತ್ತು. ಹೊಸ ಕೆಲಸ. ಬೀಜದ ಕಂಪನಿಯವರು ದಿನಕ್ಕೆ ಇಷ್ಟು ಹೊಲ, ಇಷ್ಟು ರೈತರು ಅಂತ ಟಾರ್ಗೆಟ್ ಕೊಟ್ಟಿದ್ದಾರೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಲೈವ್ ಲೊಕೇಶನ್ ಬೇರೆ. ಲೊಕೇಶನ್ ಕಾಣುತ್ತಿದ್ದರೂ ಯಾಕೆ ಫೋನ್ ಮಾಡಿ ಎಲ್ಲಿದ್ದೀರಿ ಅಂತ ಕೇಳುತ್ತಾರೋ, ಆ ಸಾಹೇಬರನ್ನೇ ಕೇಳಬೇಕು. ಎತ್ತದಿದ್ದರೆ ಕೆಲಸಗಳ್ಳಿ ಅಂದುಕೊಂಡಾರು ಅನ್ನುವ ಭಯ. ನನಗೂ ಅದೇ ಇತ್ತು. ಆದರೆ ಸಿಕ್ಕಿಬಿದ್ದರೆ ಚೀಟಿ ಬರುವುದು ನಿನ್ನ ಹೆಸರಿಗೆ, ಸಾಹೇಬರ ಹೆಸರಿಗಲ್ಲ. 2019ರ ಸೆಪ್ಟೆಂಬರ್‌ನಿಂದ ಕಾನೂನು ಬಿಗಿಯಾಗಿದೆ. ಫೋನ್ ಕೈಯಲ್ಲಿ ಹಿಡಿದು ಓಡಿಸಿದರೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಎರಡೂ ಆಗಬಹುದು. ಅಮೆರಿಕದಲ್ಲಿ ದೊಡ್ಡ ಲಾರಿ, ಬಸ್ಸುಗಳಿಗೆ 2012ರಲ್ಲಿ ಒಂದು ನಿಯಮ ತಂದರು: ಡ್ರೈವರಿಗೆ 2,750 ಡಾಲರ್ ತನಕ ದಂಡ, ಡ್ರೈವರ್ ಫೋನ್ ಹಿಡಿಯಲು ಬಿಟ್ಟ ಕಂಪನಿಗೆ 11,000 ತನಕ. ಇದು ನನಗೆ ಬಹಳ ಇಷ್ಟವಾಯಿತು. ನನ್ನ ಓನರಿಗೆ ಇಂಥದ್ದೊಂದು ಬಿದ್ದಿದ್ದರೆ ಡೀಸೆಲ್ ಲೆಕ್ಕ ನಾನು ಮುಟ್ಟುವ ತನಕ ಕಾಯುತ್ತಿದ್ದ.

ನಿಮ್ಮ ಸಾಹೇಬರಿಗೆ ನಾಳೆಯೇ ಒಂದು ಮೆಸೇಜ್ ಹಾಕು. ಜಗಳ ಬೇಡ. "ಸರ್, ಗಾಡಿ ಓಡಿಸುವಾಗ ಫೋನ್ ಎತ್ತುವುದಿಲ್ಲ, ಹೊಲ ಮುಟ್ಟಿದ ತಕ್ಷಣ ನಾನೇ ಮಾಡುತ್ತೇನೆ" ಅಂತ ಬರೆ. ಬರೆದ ಹಾಗೆ ಮಾಡು ಕೂಡ. ಎರಡು ವಾರ ತಪ್ಪದೆ ಮಾಡಿದರೆ ಅವರಿಗೇ ರೂಢಿ ಆಗುತ್ತದೆ. ಫೋನ್ ಸೈಲೆಂಟ್ ಮಾಡಿ ಡಿಕ್ಕಿಯಲ್ಲಿ ಹಾಕು. ಗೊತ್ತಿಲ್ಲದ ಊರಾದರೆ ಹೊರಡುವ ಮುಂಚೆಯೇ ದಾರಿ ನೋಡಿಕೋ, ಇಲ್ಲಾ ನಿಂತು ಯಾರನ್ನಾದರೂ ಕೇಳು. ನಮ್ಮ ಕಡೆ ದಾರಿ ಕೇಳಿದರೆ ಚಹಾನೂ ಕುಡಿಸುತ್ತಾರೆ. ನಿಲ್ಲುವುದಾದರೆ ಪೆಟ್ರೋಲ್ ಬಂಕೋ ಹೋಟೆಲ್ಲೋ ನೋಡಿ ನಿಲ್ಲು, ರಸ್ತೆ ಅಂಚಿನಲ್ಲಿ ಬೇಡ.

ಇನ್ನು ನನ್ನ ತಪ್ಪು. ನಿನ್ನ ಸಾಹೇಬರಿಗಿಂತ ಜಾಸ್ತಿ ಫೋನ್ ಮಾಡುವವನು ನಾನೇ ಅಲ್ವಾ? ಬೆಳಗ್ಗೆ ಊಟ ಆಯ್ತಾ, ಮಧ್ಯಾಹ್ನ ಬಿಸಿಲು ಜಾಸ್ತಿನಾ, ಸಂಜೆ ಎಲ್ಲಿದ್ದೀ. ಓನರ್ ಮಾಡುತ್ತಿದ್ದುದನ್ನೇ ನಾನೂ ಮಾಡುತ್ತಿದ್ದೇನೆ. ಇನ್ನು ಮೇಲೆ ಹಗಲು ಹೊತ್ತು ಮಾಡುವುದಿಲ್ಲ. ರಾತ್ರಿ ಎಂಟಕ್ಕೆ ಮಾಡುತ್ತೇನೆ. ಅವ್ವನಿಗೂ ಹೇಳಿದ್ದೇನೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ, ನೋಡೋಣ.

ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ ಚೀಲ ಸೋಮವಾರ ಸಿಂಧನೂರು ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಸಂಜೆ ರೂಮಿಗೆ ಹೋಗುವಾಗ ಸ್ಟ್ಯಾಂಡಿನಲ್ಲಿ ಇಸಿದುಕೋ. ರೊಟ್ಟಿಯನ್ನು ಸ್ಕೂಟಿಯ ಮುಂದೆ ತೂಗು ಹಾಕಬೇಡ, ಮುರಿಯುತ್ತವೆ.

ನಿಮ್ಮಪ್ಪ