ಮಗಳಿಗೊಂದು ಪತ್ರ: ಆ ವರ್ಷದ ಕಪ್ಪೂ ಲೆಕ್ಕಕ್ಕಿದೆ

ಕಲಬುರಗಿ
11 ಮೇ 2025

ಪ್ರೀತಿಯ ಮಗಳಿಗೆ,

ಐಪಿಎಲ್ ನಿಲ್ಲಿಸಿದ ದಿನ ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. ಗಡಿಯಲ್ಲಿ ಇಂಥ ಪರಿಸ್ಥಿತಿ ಇರುವಾಗ ಆಟ ನಿಲ್ಲಿಸಿದ್ದು ಸರಿ ಅಂತ ನೀನೇ ಹೇಳಿದ್ದೀಯ. ಆದರೆ ಆಮೇಲೆ, "11 ಮ್ಯಾಚಿಗೆ 16 ಪಾಯಿಂಟ್ ಆಗ್ಯಾವ ಅಪ್ಪಾ, ಈಗ ಸೀಸನ್ನೇ ರದ್ದು ಮಾಡಿದ್ರ ಆರ್‌ಸಿಬಿ ಹುಡುಗರು ಏನ್ ಮಾಡಬೇಕು?" ಅಂದಾಗ ನಿನ್ನ ದನಿ ಬಿಗಿಯಿತು. ಆ ಸಂಕಟ ನನಗೂ ಇದೆ. ಇದು 18ನೇ ಸೀಸನ್, ಇನ್ನೂ ಒಂದು ಕಪ್ಪು ಬಂದಿಲ್ಲ. ನಿನ್ನೆ ಕದನವಿರಾಮ ಆಗಿದೆಯಲ್ಲ, ಆಟ ಮತ್ತೆ ಶುರುವಾಗಲಿ, ಗೆದ್ದವರು ಗೆಲ್ಲಲಿ.

ಆದರೆ ಅವ್ವಾ, ಇದೇ ಮಾತನ್ನು ಐದು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಿನ್ನ ತಮ್ಮ ಆಡಿದ್ದ. ಆಗ ನೀನು ಕಿವಿಗೊಡಲಿಲ್ಲ, ಈಗಲೂ ಕೊಡುತ್ತಿಲ್ಲ. ಮೊನ್ನೆ ಏಪ್ರಿಲ್ 27ರ ರಾತ್ರಿ ಲಿವರ್‌ಪೂಲ್ ಫುಟ್‌ಬಾಲ್ ತಂಡ ಟಾಟನ್‌ಹ್ಯಾಮ್ ಮೇಲೆ 5-1ರಿಂದ ಗೆದ್ದು 20ನೇ ಸಲ ಇಂಗ್ಲೆಂಡಿನ ಲೀಗ್ ಚಾಂಪಿಯನ್ ಆಯಿತು. ನಿನ್ನ ಮ್ಯಾಂಚೆಸ್ಟರ್ ಯುನೈಟೆಡ್‌ಗೂ 20, ಅವನ ತಂಡಕ್ಕೂ 20. ಅವನು ಖುಷಿಯಿಂದ ಮನೆಯ ಗ್ರೂಪಿನಲ್ಲಿ ಹಾಕಿದ. ನೀನು "20 ಅಲ್ಲ, 19. ಕೊರೊನಾ ಕಪ್ಪು ಲೆಕ್ಕಕ್ಕಿಲ್ಲ" ಅಂತ ಬರೆದು ಗ್ರೂಪನ್ನೇ ಬಿಟ್ಟು ಹೋದೆ. ಮುಂದಿನ ಭಾನುವಾರ ಅವನಿಗೆ ನೀಟ್ ಪರೀಕ್ಷೆ ಇತ್ತು. ಅಕ್ಕನ ಫೋನ್ ಬರುತ್ತದೆ ಅಂತ ಹೊರಡುವ ತನಕ ಕಾದ. ಬರಲಿಲ್ಲ. ಅದು ನನಗೆ ಬಹಳ ನೋವಾಯಿತು.

ಆ ವರ್ಷ ಏನೇನಾಯಿತು ಅಂತ ಒಮ್ಮೆ ನಿಧಾನವಾಗಿ ನೆನಪಿಸಿಕೋ. 2020ರ ಮಾರ್ಚ್ 10ರಂದು ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವು ಅಂತ 12ಕ್ಕೆ ಖಚಿತವಾಯಿತು. ಆಮೇಲೆ ಕಲಬುರಗಿ ಅಂದರೆ ಜನ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಬೆಂಗಳೂರಿನಲ್ಲಿದ್ದ ನಿನ್ನ ಸೋದರಮಾವ ತಿಂಗಳುಗಟ್ಟಲೆ ಊರ ಕಡೆ ಬಂದೇ ಇರಲಿಲ್ಲ. ಆದರೂ ಮನೆ ಮಾಲೀಕರ ಮುಂದೆ ನಿಂತು ಬಂದಿಲ್ಲ ಅಂತ ಆಣೆ ಮಾಡಿ ಹೇಳಬೇಕಾಯಿತು. ಮೇ ತಿಂಗಳಲ್ಲಿ ಮುಂಬೈ, ಪುಣೆಯಿಂದ ನಮ್ಮ ಕಡೆಯ ಕೂಲಿಯವರು ಮರಳಿದಾಗ ನಮ್ಮವರೇ ಅವರನ್ನು ಊರ ಹೊರಗೆ ನಿಲ್ಲಿಸಿದ್ದನ್ನೂ ನೋಡಿದ್ದೇವೆ. ಅಂಜಿಕೆ ಹೊಕ್ಕ ಮನೆಯಲ್ಲಿ ಸಿಟ್ಟು ಯಾರ ಮೇಲಾದರೂ ಹೊರಳುತ್ತದೆ. ನೀನು ಹದಿನಾರರ ಹುಡುಗಿ, ಮನೆಯಿಂದ ಹೊರಗೆ ಹೋಗುವಂತಿಲ್ಲ, ನಿನ್ನ ಸಿಟ್ಟು ಲಿವರ್‌ಪೂಲ್ ಮೇಲೆ ಹೊರಳಿತು.

ನಮ್ಮಲ್ಲಿ ಆ ಸಾವಾದ ಮರುದಿನ, ಮಾರ್ಚ್ 11ರಂದು, ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನದಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಎದುರಾಳಿ ಅಟ್ಲೆಟಿಕೊ ತಂಡದ ಹಿಂದೆ ಸುಮಾರು 3,000 ಮಂದಿ ಮ್ಯಾಡ್ರಿಡ್‌ನಿಂದ ಬಂದಿದ್ದರು. ಮ್ಯಾಡ್ರಿಡ್‌ನಲ್ಲಿ ಅಷ್ಟೊತ್ತಿಗಾಗಲೇ ಶಾಲೆಗಳು ಮುಚ್ಚಿದ್ದವು. ಆ ಪಂದ್ಯ ಆಡಿಸಿದ್ದು ತಪ್ಪು ಅಂತ ನೀನು ಆಗ ವಾದ ಮಾಡಿದ್ದೆ, ಅದರಲ್ಲಿ ನಾನು ನಿನ್ನ ಕಡೆ. 13ಕ್ಕೆ ಇಂಗ್ಲೆಂಡಿನ ಲೀಗ್ ನಿಂತಿತು. ಆ ಹೊತ್ತಿಗೆ ಲಿವರ್‌ಪೂಲ್ 29 ಪಂದ್ಯ ಆಡಿ 27 ಗೆದ್ದು 82 ಪಾಯಿಂಟ್ ಕೂಡಿಸಿತ್ತು. ಎರಡನೆಯ ಸ್ಥಾನದಲ್ಲಿದ್ದ ಮ್ಯಾಂಚೆಸ್ಟರ್ ಸಿಟಿಗಿಂತ 25 ಮುಂದೆ. ಇನ್ನೆರಡು ಗೆಲುವು ಸಾಕಿತ್ತು. ಹಿಂದಿನ ಸಲ ಅವರು ಲೀಗ್ ಗೆದ್ದದ್ದು 1990ರಲ್ಲಿ.

ಆಗ ಎದ್ದದ್ದು "ಸೀಸನ್ ರದ್ದು ಮಾಡಿ, ಆಡೇ ಇಲ್ಲ ಅಂತ ಬರೆಯಿರಿ" ಎಂಬ ಕೂಗು. ವೆಸ್ಟ್ ಹ್ಯಾಮ್ ಕ್ಲಬ್ಬಿನ ಉಪಾಧ್ಯಕ್ಷೆ ಕ್ಯಾರೆನ್ ಬ್ರೇಡಿ ಲೀಗ್ ನಿಂತ ಬೆನ್ನಲ್ಲೇ ಪತ್ರಿಕೆಯಲ್ಲಿ ಹಾಗೆ ಬರೆದರು. ವೆಸ್ಟ್ ಹ್ಯಾಮ್ ಆಗ 16ನೇ ಸ್ಥಾನದಲ್ಲಿತ್ತು, ಕೆಳಗಿನ ದರ್ಜೆಗೆ ಬೀಳುವ ಭಯ ಇತ್ತು. ಅದು ಬರೀ ಬಾಯಿಮಾತೂ ಆಗಿರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಏಪ್ರಿಲ್ 24ಕ್ಕೆ ಲೀಗ್ ಮುಗಿಸಿಯೇ ಬಿಟ್ಟರು. ಮುಂದಿದ್ದ ಅಯಾಕ್ಸ್ ಮತ್ತು ಎಝಡ್ ತಂಡಗಳೆರಡಕ್ಕೂ 56 ಪಾಯಿಂಟ್ ಇದ್ದವು, ಯಾರಿಗೂ ಕಪ್ಪಿಲ್ಲ. ಅಲ್ಲಿನ ಎರಡನೇ ದರ್ಜೆಯಲ್ಲಿ ಮೊದಲ ಸ್ಥಾನದಲ್ಲಿದ್ದ ಕ್ಯಾಂಬೂರ್ ಎಂಬ ಕ್ಲಬ್ಬಿಗೆ ಮೇಲಿನ ದರ್ಜೆಗೆ ಬಡ್ತಿಯೂ ಇಲ್ಲ. ಫ್ರಾನ್ಸ್‌ನಲ್ಲಿ ಇನ್ನೊಂದು ದಾರಿ ಹಿಡಿದರು: ಆಟ ನಿಲ್ಲಿಸಿ, ಮುಂದಿದ್ದ ಪಿಎಸ್‌ಜಿ ಕ್ಲಬ್ಬಿಗೆ ಪಟ್ಟ ಕೊಟ್ಟರು. ನೀನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ತೆಗೆದು ಇಂಗ್ಲೆಂಡಿನಲ್ಲೂ ರದ್ದಾಯಿತೇನು ಅಂತ ನೋಡುತ್ತಿದ್ದೆ. ನಿನ್ನ ತಮ್ಮ ಏಳನೇ ಇಯತ್ತೆ. ಊಟದ ತಾಟಿನ ಮುಂದೆ ಕೂತು "ಅಕ್ಕಾ, ಅವ್ರು ಗೆದ್ದಾರಲ್ಲ, ಮತ್ಯಾಕ ತೆಗೀತಾರ?" ಅಂತ ಕೇಳಿದರೆ ನೀನು ಉತ್ತರ ಕೊಡದೆ ಎದ್ದು ಹೋಗುತ್ತಿದ್ದೆ.

ರದ್ದು ಮಾಡಿದ್ದರೆ ನಿನ್ನ ತಂಡದ್ದು ಏನು ಉಳಿಯುತ್ತಿತ್ತು, ಹೇಳು. ಆ 29 ಪಂದ್ಯಗಳಲ್ಲಿ ಲಿವರ್‌ಪೂಲನ್ನು ಡ್ರಾಗೆ ಕಟ್ಟಿಹಾಕಿದ್ದು ಒಂದೇ ಒಂದು ತಂಡ. 2019ರ ಅಕ್ಟೋಬರ್ 20, ಓಲ್ಡ್ ಟ್ರಾಫರ್ಡ್, 1-1, ಗೋಲು ಹೊಡೆದದ್ದು ನಿನ್ನ ರ‍್ಯಾಶ್‌ಫರ್ಡ್. ಲೀಗ್ ನಿಲ್ಲುವ ಐದು ದಿನ ಮುಂಚೆ, ಮಾರ್ಚ್ 8ಕ್ಕೆ, ಯುನೈಟೆಡ್ 2-0ರಿಂದ ಸಿಟಿಯನ್ನು ಸೋಲಿಸಿತು. ಕೊನೇ ಗಳಿಗೆಯಲ್ಲಿ ಮೆಕ್‌ಟಾಮಿನೆ ದೂರದಿಂದ ಖಾಲಿ ಗೋಲಿಗೆ ಒದ್ದಾಗ ನೀನು ಕುಣಿದ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸಿದರು. ರದ್ದು ಎಂದರೆ ಆ ಗೋಲೂ ಇಲ್ಲ. ನಮ್ಮ ಕಡೆ ತೊಗರಿ ಕೊಯ್ದು ರಾಶಿ ಮಾಡುವ ಹೊತ್ತಿಗೆ ಮಳೆ ಬಂದರೆ ರಾಶಿ ನಿಲ್ಲುತ್ತದೆ. ಬಿತ್ತಿಯೇ ಇರಲಿಲ್ಲ ಅಂತ ಯಾರೂ ಬರೆಯುವುದಿಲ್ಲ.

ಆ ಜೂನ್‌ನಲ್ಲಿ ನಿನ್ನದೇ ಒಂದು ಸರದಿ ಬಂತು. ಎಸ್ಸೆಸ್ಸೆಲ್ಸಿ ಮುಂದಕ್ಕೆ ಹೋಗಿತ್ತು. ಸೇಡಂ, ಚಿಂಚೋಳಿ ದಾಟಿದರೆ ತೆಲಂಗಾಣ, ಅಲ್ಲಿ ಜೂನ್ 8ಕ್ಕೆ ಹತ್ತನೇ ತರಗತಿ ಪರೀಕ್ಷೆ ರದ್ದು ಮಾಡಿ ಎಲ್ಲರನ್ನೂ ಪಾಸು ಮಾಡಿದರು. ನಮ್ಮಲ್ಲೂ ಹಾಗೇ ಮಾಡುತ್ತಾರೆ ಅಂತ ಸುದ್ದಿ ಹಬ್ಬಿದಾಗ ನೀನು ಅತ್ತುಬಿಟ್ಟೆ. "ವರ್ಷಗಟ್ಲೆ ಓದೀನಿ ಅಪ್ಪಾ, ಓದದವರೂ ನಾನೂ ಒಂದೇ ಏನು?" ಅಂದೆ. ಮೇಷ್ಟ್ರಾಗಿ ನನಗೆ ಎರಡೂ ಕಡೆಯ ಕಷ್ಟ ಗೊತ್ತಿತ್ತು, ಮಕ್ಕಳ ಜೀವದ ಮುಂದೆ ಯಾವ ಪರೀಕ್ಷೆಯೂ ದೊಡ್ಡದಲ್ಲ. ಆದರೂ ನಿನ್ನ ಅಳುವಿನಲ್ಲಿ ನ್ಯಾಯ ಇತ್ತು.

ಜೂನ್ 25ಕ್ಕೆ ಪರೀಕ್ಷೆ ಶುರುವಾಯಿತು. ನಾನು ಬೇರೊಂದು ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಕ. ಗೇಟಿನಲ್ಲಿ ಒಬ್ಬೊಬ್ಬರ ಹಣೆಗೂ ಥರ್ಮಲ್ ಸ್ಕ್ಯಾನರ್ ಹಿಡಿದು ಒಳಗೆ ಬಿಟ್ಟರು. ಸ್ಯಾನಿಟೈಸರ್ ಹಚ್ಚಿದ ಹಸಿ ಕೈಯಲ್ಲೇ ಹಾಲ್ ಟಿಕೆಟ್ ಹಿಡಿದು ಮಕ್ಕಳು ಒದ್ದೆ ಮಾಡಿಕೊಂಡಿದ್ದರು. ಮಾಸ್ಕ್ ಬೆವರಿಗೆ ಮೂಗಿಗೆ ಅಂಟಿಕೊಂಡರೂ ಯಾರೂ ಇಳಿಸಲಿಲ್ಲ. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಹಾಗೆ ಬರೆದರು. ಅದರಲ್ಲಿ ನೀನೂ ಒಬ್ಬಳು. ಆ ವರ್ಷದ ಅಂಕಪಟ್ಟಿ ಲೆಕ್ಕಕ್ಕಿಲ್ಲ ಅಂತ ಯಾರಾದರೂ ನಿನಗೆ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಅಷ್ಟೊತ್ತಿಗೆ ಇಂಗ್ಲೆಂಡಿನ ಲೀಗ್ ಖಾಲಿ ಮೈದಾನಗಳಲ್ಲಿ ಮತ್ತೆ ಶುರುವಾಗಿತ್ತು. ಅದೇ ರಾತ್ರಿ, ನಮ್ಮ ಗಡಿಯಾರದಲ್ಲಿ 12:45ಕ್ಕೆ, ಚೆಲ್ಸಿ ಮತ್ತು ಸಿಟಿ ಪಂದ್ಯ ಶುರುವಾಯಿತು. ಸಿಟಿ ಸೋತರೆ ಲಿವರ್‌ಪೂಲ್ ಚಾಂಪಿಯನ್. ಗಣಿತ ಪರೀಕ್ಷೆ ಇದೆ, ಅಕ್ಕನಿಗೆ ಎಚ್ಚರವಾಗಬಾರದು ಅಂತ ನಿನ್ನ ತಮ್ಮ ಟಿವಿಯ ಸದ್ದು ಪೂರ್ತಿ ಆರಿಸಿ ಕೂತಿದ್ದ. ವಿಲಿಯನ್ ಪೆನಾಲ್ಟಿ ಹೊಡೆದು 2-1 ಆದಾಗ ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮೂವತ್ತು ವರ್ಷ ಕಾದ ತಂಡ ಗೆದ್ದಿತು, ಆ ಹುಡುಗ ಒಂದು ಸಲವೂ ಕೂಗಲಿಲ್ಲ. ಬೆಳಿಗ್ಗೆ ವಿಷಯ ಗೊತ್ತಾದಾಗ ನೀನು "ಖಾಲಿ ಸ್ಟೇಡಿಯಮ್ಮಿನ ಕಪ್ಪು" ಅಂದೆ.

ಖರೇ ಹೇಳಬೇಕೆಂದರೆ ಅವರು ಗಳಿಸಿದ 99 ಪಾಯಿಂಟಿನಲ್ಲಿ 82 ತುಂಬಿದ ಮೈದಾನಗಳಲ್ಲೇ ಬಂದವು. ಖಾಲಿ ಇದ್ದದ್ದು ಕೊನೆಯ ಒಂಬತ್ತು ಪಂದ್ಯ. ಜುಲೈ 22ಕ್ಕೆ ಆನ್‌ಫೀಲ್ಡ್‌ನಲ್ಲಿ ಕಪ್ಪು ಎತ್ತಿದಾಗ ಅದನ್ನು ನೋಡಲು ಒಬ್ಬ ಅಭಿಮಾನಿಯನ್ನೂ ಒಳಗೆ ಬಿಟ್ಟಿರಲಿಲ್ಲ. ಜೀವಮಾನವಿಡೀ ಟಿಕೆಟ್ ಕೊಂಡವರು ಮನೆಯಲ್ಲಿ ಕೂತು ನೋಡಿದರು. ಖಾಲಿ ಕುರ್ಚಿಗಳಿಂದ ನಷ್ಟವಾಗಿದ್ದರೆ ಅದು ಅವರಿಗೇ ಆಯಿತು. ಅದೇ ಬೇಸಿಗೆ ಯುನೈಟೆಡ್ ಕೂಡ ಖಾಲಿ ಮೈದಾನದಲ್ಲಿ ಲೆಸ್ಟರ್ ಮೇಲೆ 2-0 ಗೆದ್ದು ಮೂರನೇ ಸ್ಥಾನ ಹಿಡಿದು ಯುರೋಪಿನ ದೊಡ್ಡ ಕ್ಲಬ್ಬುಗಳ ಚಾಂಪಿಯನ್ಸ್ ಲೀಗಿಗೆ ಹೋಯಿತು. ಅದನ್ನು ನೀನು ಎಂದೂ ಲೆಕ್ಕದಿಂದ ತೆಗೆದಿಲ್ಲ.

ಎದುರಾಳಿಯನ್ನು ಸೋಲಿಸಬೇಕು ಅನ್ನುವ ಹಟ ಇರಲಿ, ನನಗೆ ಬೇಸರವಿಲ್ಲ. ಲಿವರ್‌ಪೂಲ್, ಮ್ಯಾಂಚೆಸ್ಟರ್ ಈ ಎರಡು ಊರುಗಳ ನಡುವಿನ ಹಟ ಹಳೆಯದು. ಆದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತಲೂ ನೋಡು. ಯುನೈಟೆಡ್ ತಂಡ ಇದ್ದ 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ 23 ಜನ ಸತ್ತರು, 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ ಲಿವರ್‌ಪೂಲಿನ 97 ಅಭಿಮಾನಿಗಳು ಸತ್ತರು. ಆ ಸಾವುಗಳನ್ನೇ ಹಾಡು ಕಟ್ಟಿ ಎದುರಿನವರನ್ನು ಹಂಗಿಸುವ ಜನ ಎರಡೂ ಕಡೆ ಇದ್ದಾರೆ. ಅದು ನಿಲ್ಲಬೇಕು ಅಂತ 2023ರ ಮಾರ್ಚ್‌ನಲ್ಲಿ ಎರಡೂ ತಂಡಗಳ ಕೋಚ್‌ಗಳು ಒಟ್ಟಿಗೆ ಕೇಳಿಕೊಳ್ಳಬೇಕಾಯಿತು. ಅದಕ್ಕೂ ಮುಂಚೆ, 2022ರ ಏಪ್ರಿಲ್‌ನಲ್ಲಿ, ಆಗ ನಿನ್ನ ತಂಡದಲ್ಲಿದ್ದ ರೊನಾಲ್ಡೊ ಹಸುಗೂಸನ್ನು ಕಳೆದುಕೊಂಡ ಮರುದಿನ ಯುನೈಟೆಡ್ ಆನ್‌ಫೀಲ್ಡ್‌ನಲ್ಲಿ ಆಡಬೇಕಿತ್ತು. ಅವನು ಬಂದಿರಲಿಲ್ಲ. ಏಳನೇ ನಿಮಿಷಕ್ಕೆ, ಅವನ ಜೆರ್ಸಿ ನಂಬರಿನ ಲೆಕ್ಕದಲ್ಲಿ, ಇಡೀ ಮೈದಾನ ಎದ್ದು ಚಪ್ಪಾಳೆ ತಟ್ಟಿತು. ಲಿವರ್‌ಪೂಲಿನವರು ತಮ್ಮ ಹಾಡನ್ನೇ ಅವನಿಗಾಗಿ ಹಾಡಿದರು. ಆ ರಾತ್ರಿ ನೀವಿಬ್ಬರೂ ಒಂದೇ ಸೋಫಾದಲ್ಲಿ ಕೂತು ನೋಡಿದಿರಿ. ನಿನ್ನ ತಂಡ 4-0ರಿಂದ ಸೋತರೂ ನೀನು ಎದ್ದು ಹೋಗಲಿಲ್ಲ.

ಈ ವರ್ಷ ಯುನೈಟೆಡ್ ಪಟ್ಟಿಯಲ್ಲಿ ಕೆಳಗಿದೆ, ನಿನ್ನ ಮನಸ್ಸು ನೊಂದಿದೆ, ಅದು ನನಗೆ ತಿಳಿಯುತ್ತದೆ. ಮೇ 21ಕ್ಕೆ ಅವರದು ಯುರೋಪಾ ಲೀಗ್ ಫೈನಲ್ ಇದೆ. ನಿನ್ನವರು ಗೆಲ್ಲಲಿ. ಮುಂದೆ ಎಂದಾದರೂ ಅವರು 21ನೇ ಲೀಗ್ ಗೆದ್ದ ದಿನ ನಿನ್ನ ತಮ್ಮ ಅದರಲ್ಲಿ ಏನಾದರೂ ಕೊರೆ ಹುಡುಕಿದರೆ ಅವನಿಗೂ ಇಷ್ಟೇ ಉದ್ದದ ಪತ್ರ ಬರೆಯುತ್ತೇನೆ.

ಅವನ ಪರೀಕ್ಷೆ ಹೇಗಾಯಿತು ಅಂತ ನನ್ನನ್ನು ಕೇಳಬೇಡ, ಅವನನ್ನೇ ಕೇಳು. ಸಂಜೆ ಏಳರ ಮೇಲೆ ಮನೆಯಲ್ಲೇ ಇರುತ್ತಾನೆ. ನಿಮ್ಮವ್ವ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟಿಟ್ಟಿದ್ದಾಳೆ. ಗುರುವಾರ ಬೆಂಗಳೂರಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ, ಸ್ಟೇಷನ್ನಿಗೆ ಹೋಗಿ ಇಸಿದುಕೋ.

ನಿನ್ನ ಅಪ್ಪ